ಗಂಜಿಮುದ್ದೆಯ ನಡುವೆ ಬೆಣ್ಣೆಯ ಬಾವಿ

ಗುಡ್ಡ ಇಳಿದು ಬಂದಿದ್ದೇವೆ, ನಾನೂ ಸೊಸೆ ವುಬಿತೂ.
ಅರ್ಧ ದಾರಿ ಹೇಸರಗತ್ತೆಯ ಮೇಲೆ, ಅರ್ಧ ನಡೆದು,
ಸೆಮಿಯೆನ್ ಬೆಟ್ಟದ ಗಾಳಿ ಹಿಂದಿನಿಂದ ನೂಕುತ್ತ.
ದಿನ ತುಂಬಲು ಇನ್ನೂ ಎರಡು ವಾರವಿದೆ.
ಆಸ್ಪತ್ರೆಯ ಹಿತ್ತಲಲ್ಲಿ ತಗಡಿನ ಮನೆ,
ತುಂಬು ಬಸುರಿಯರು ಕಾಯುವ ಮನೆ:
ಆರು ಚಾಪೆ, ಆರು ಹೊಟ್ಟೆ, ಒಂದೇ ಒಲೆ.

"ಎಂಟು ಹೆತ್ತೆ ನಾನು, ಯಾವ ತಗಡಿನ ಕೆಳಗೂ ಅಲ್ಲ"
ಎಂದು ಬರುವ ಮೊದಲು ಜಗಳವಾಡಿದ್ದೆ.
ಎಂಟು ಅಂದದ್ದು ಎಲ್ಲರಿಗೂ ಕೇಳಿಸಿತು.
ಉಳಿದದ್ದು ಐದು ಅಂತ
ಒಳಗೇ ಅಂದುಕೊಂಡೆ.

ಮದುವೆಯಾದ ವರುಷವೇ ಕೇಳತೊಡಗಿದ್ದೆ,
"ಏನಾದರೂ ವಿಶೇಷವೇ?"
ಅವಳು ತಲೆ ತಗ್ಗಿಸಿ ಬಾರ್ಲಿ ಹುರಿಯುತ್ತಿದ್ದಳು,
ಮಗ ಮುಲುಗೆತಾ ಗೋಡೆ ನೋಡುತ್ತಿದ್ದ.
ಆಮೇಲೆ ತಿಳಿಯಿತು,
ಆರೋಗ್ಯದ ಹುಡುಗಿ ಇವಳ ಕೆಳರೆಪ್ಪೆ ಎಳೆದು ನೋಡಿ
"ಸುಣ್ಣದ ಗೋಡೆಯ ಹಾಗಿದೆ,
ಮೊದಲು ರಕ್ತ ಬರಲಿ, ಮಗು ಆಮೇಲೆ ಬರಲಿ" ಅಂದಿದ್ದಳಂತೆ.
ಒಂದು ವರುಷ ನನ್ನ ಕಣ್ಣು ತಪ್ಪಿಸಿ
ಮಾತ್ರೆ ನುಂಗಿದ್ದಾಳೆ, ಬಟ್ಟಲುಗಟ್ಟಲೆ ಸೊಪ್ಪು ತಿಂದಿದ್ದಾಳೆ.
ದಣಿದ ಹೊಲವನ್ನು ಬೀಳು ಬಿಡುವುದು ನನಗೆ ಗೊತ್ತಿತ್ತು.
ಹುಡುಗಿಯನ್ನು ಬಿಡಬೇಕೆಂದು ಯಾರೂ ಹೇಳಿರಲಿಲ್ಲ.

ಐದನೇ ತಿಂಗಳಲ್ಲಿ ದೊಡ್ಡ ಉಪವಾಸ ಬಂತು,
ಐವತ್ತೈದು ದಿನ. ಹಾಲಿನ ಮಡಕೆ ಮುಚ್ಚಿಟ್ಟೆ.
ಪಾದ್ರಿ ಅಬ್ಬಾ ಗೆಬ್ರೆ ತಾವೇ ಮುಚ್ಚಳ ತೆಗೆದರು:
"ಒಳಗಿರುವುದಕ್ಕೆ ಇನ್ನೂ ದೀಕ್ಷೆಯಾಗಿಲ್ಲವಮ್ಮ,
ಅದಕ್ಕೆಂಥ ಉಪವಾಸ?"

ಇಲ್ಲಿ ಬೆಳಗಾದರೆ ಸಿಸ್ಟರ್ ಹೈಮಾನೋತ್ ಬರುತ್ತಾಳೆ.
ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದುತ್ತಾಳೆ,
ಹೆಬ್ಬೆರಳಿಂದ ಪಾದ ಒತ್ತುತ್ತಾಳೆ.
"ಗುಳಿ ಬಿದ್ದರೆ ಹೇಳಿ. ತಲೆ ಸಿಡಿದರೆ ಹೇಳಿ.
ಕಣ್ಣೆದುರು ನಕ್ಷತ್ರ ಕಂಡರೆ ಓಡಿ ಬಂದು ಹೇಳಿ."

ನನಗೆ ಕಂಡಿದ್ದವು.
ನಟ್ಟನಡು ಹಗಲಲ್ಲಿ, ಕಟ್ಟಿಗೆ ಹೊರೆಯ ಕೆಳಗೆ.
ಮರಿಯಮ್ ತಾಯಿಯ ದೂತರೆಂದು ಕೈ ಮುಗಿದಿದ್ದೆ.
ಆ ಮಗುವಿಗೆ ಹೆಸರಿಲ್ಲ.

ಹನ್ನೊಂದನೇ ರಾತ್ರಿ ವುಬಿತ್ ನನ್ನ ಶಾಲು ಹಿಡಿದೆಳೆದಳು.
ಅಂಗಳ ಬರೀ ಇಪ್ಪತ್ತು ಹೆಜ್ಜೆ.
ನನ್ನ ಕಾಲದಲ್ಲಿ ಅದು ನಾಲ್ಕು ಗುಡ್ಡವಿತ್ತು.
ಕೋಳಿ ಕೂಗುವ ಮುಂಚೆ ಹೆಣ್ಣು ಮಗು ಅತ್ತಿತು.
ಗಂಡಾದರೆ ಏಳು ಸಲ ಉಲಿಯುವುದು ನಮ್ಮಲ್ಲಿ, ಹೆಣ್ಣಾದರೆ ಮೂರು.
ನನಗೆ ಲೆಕ್ಕ ತಪ್ಪಿತು.
ಉಳಿದ ಐವರೂ ಹೊಟ್ಟೆ ಹಿಡಿದುಕೊಂಡೇ ಜೊತೆಗೂಡಿದರು.

ಬೆರಳ ತುದಿಯಲ್ಲಿ ಬೆಣ್ಣೆ ತೆಗೆದು
ಮಗುವಿನ ಬಾಯಿಗಿಡಲು ಬಾಗಿದೆ, ನಮ್ಮಮ್ಮ ಕಲಿಸಿದಂತೆ.
ಸಿಸ್ಟರ್ ನನ್ನ ಮಣಿಕಟ್ಟು ಹಿಡಿದಳು, ಮೆತ್ತಗೆ:
"ಅದು ಬಾಣಂತಿಗಿರಲಿ. ಮಗುವಿಗೆ ಆ ಹಳದಿ ಹಾಲು."
ಚೆಲ್ಲಬೇಕಾದದ್ದು ಎಂದು ನಾನು ಎಂಟು ಸಲ ಚೆಲ್ಲಿದ ಹಾಲು.

ಗಂಜಿಮುದ್ದೆ ಕಟ್ಟಿ, ನಡುವೆ ಬಾವಿ ತೋಡಿ,
ಬೆಣ್ಣೆಯನ್ನೆಲ್ಲ ಅದರಲ್ಲಿ ಕರಗಿಸಿದೆ, ಮೇಲೆ ಖಾರದ ಪುಡಿ.
ವುಬಿತ್ ಅಂಚಿನಿಂದ ಒಂದೊಂದೇ ತುತ್ತು ಮುರಿದಳು.
ಸಿಸ್ಟರ್ ಹೊಟ್ಟೆ ಒತ್ತಿ, ಬಟ್ಟೆ ನೋಡಿ, ಮತ್ತೆ ಬಂದು ಮತ್ತೆ ನೋಡಿದಳು.

ಮನೆಗೆ ಬಂದ ಮೇಲೆ ಹತ್ತು ದಿನ ಅತ್ತಳು.
ಮಗು ಮಲಗಿದಾಗಲೂ ಅತ್ತಳು.
ದೃಷ್ಟಿಯೆಂದು ದಿಂಬಿನಡಿ ಕುಡುಗೋಲಿಟ್ಟೆ,
ಎರಡು ದಿನ ನೋಡಿ ತೆಗೆದೆ.
ಮಗುವನ್ನು ನಾನೆತ್ತಿಕೊಂಡೆ,
ಮುಲುಗೆತಾ ನೀರಿಗೆ ಹೋದ. ಊರು ನಕ್ಕಿತು.
ಅವಳು ಸಂಜೆತನಕ ನಿದ್ದೆ ಮಾಡಿದಳು.

ಆರನೇ ವಾರ ತಪಾಸಣೆ.
ಮುಂದಿನದು ಯಾವಾಗ ಎಂದು ಅವರಿಬ್ಬರೇ ಮಾತಾಡಿಕೊಂಡರು,
ನಾನು ಹೊರಗೆ ಹೇಸರಗತ್ತೆಯ ಬೆನ್ನು ತಿಕ್ಕುತ್ತಿದ್ದೆ.
"ಬನ್ನಿ, ನೀವೂ" ಎಂದು ಕರೆದು
ಸಿಸ್ಟರ್ ನನ್ನ ತೋಳಿಗೂ ಪಟ್ಟಿ ಸುತ್ತಿದಳು.
ಬಿಗಿಯಿತು, ಇನ್ನೂ ಬಿಗಿಯಿತು.
"ನೋವೇ ಅಮ್ಮ?"
ಅಲ್ಲ ಅಂದೆ.
ಕಣ್ಣು ಒರೆಸಲು ಇನ್ನೊಂದು ಕೈ ಬೇಕಿತ್ತು,
ಅದರಲ್ಲಿ ಮಗುವಿತ್ತು.